ಔರಂಗಾಬಾದಿನ ಲಾರಿಯೂ ದೇವನಹಳ್ಳಿಯ ನೆಲವೂ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಸೀಮೆಯ ವಿದ್ಯಾರ್ಥಿಗಳಿಗೆ ವಿಮಾನವು ಈಗ ಅಪರೂಪದ ನೋಟವಾಗಿ ಉಳಿದಿಲ್ಲ. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣವು ಕೆಲಸಕ್ಕೆ ತೊಡಗಿದಂದಿನಿಂದ, ನಂದಿಯ ಬೆಟ್ಟದ ಮೇಲೆ ನಿಂತು ದಕ್ಷಿಣದ ಕಡೆಗೆ ಕಣ್ಣು ಹಾಯಿಸಿದವರಿಗೆಲ್ಲ ವಿಮಾನಗಳು ನೆಲ ಬಿಟ್ಟು ಮೇಲೇರುವ ದೃಶ್ಯ ದಿನನಿತ್ಯದ ಮಾತಾಗಿದೆ. ದಿನವೂ ಕಾಣುವ ವಸ್ತುವಿನ ವಿಷಯದಲ್ಲಿ ಕುತೂಹಲ ಕುಂದುವುದು ಮನುಷ್ಯಸ್ವಭಾವ. ನೂರಾರು ಜನರನ್ನು ಹೊತ್ತ ಲೋಹದ ರಾಶಿಯೊಂದು ಮುಕ್ಕಾಲು ನಿಮಿಷದ ಓಟದಲ್ಲಿ ಗಾಳಿಯ ಮೇಲೆ ನಿಲ್ಲುವ ಅರ್ಹತೆಯನ್ನು ಪಡೆಯುವುದು ಹೇಗೆ, ಆ ಮುಕ್ಕಾಲು ನಿಮಿಷದಲ್ಲಿ ಏನೇನು ಸರಿಯಾಗಿ ನಡೆಯಬೇಕು ಎಂಬುದನ್ನು ನಾವು ಕೇಳಿಕೊಳ್ಳುವುದು ಸಾಮಾನ್ಯವಾಗಿ ಅಪಘಾತವಾದಾಗ ಮಾತ್ರ. ಆಗಲೂ ನಮ್ಮ ಬಾಯಿಂದ ಹೊರಡುವ ಪ್ರಶ್ನೆ ಒಂದೇ: ತಪ್ಪು ಯಾರದು?

ಈ ಪ್ರಶ್ನೆ ಸಾಲದು ಎಂಬುದೇ ನಮ್ಮ ಈ ಲೇಖನದ ವಾದ. ಅದನ್ನು ಸ್ಥಾಪಿಸಲು ನಾವು ದಖ್ಖನ್ ಪ್ರಸ್ಥಭೂಮಿಯಲ್ಲೇ ನಡೆದ ಒಂದು ಹಳೆಯ ದುರಂತವನ್ನು ವಾಚಕರ ಮುಂದಿಡುತ್ತೇವೆ. ಮಹಾರಾಷ್ಟ್ರದ ಔರಂಗಾಬಾದ್ ನಗರಕ್ಕೆ 2023ರಿಂದ ಛತ್ರಪತಿ ಸಂಭಾಜಿನಗರವೆಂದು ಹೆಸರು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಆ ಜಿಲ್ಲೆಯೂ ನಮ್ಮ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೂ ಒಂದೇ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಅದರ ನೆಲವೂ ನಮ್ಮ ನೆಲದಂತೆಯೇ ಸಮುದ್ರಮಟ್ಟದಿಂದ ಎತ್ತರದಲ್ಲಿದೆ. ಅದರ ಬೇಸಿಗೆಯಂತೂ ನಮ್ಮದಕ್ಕಿಂತಲೂ ಬಿರುಸು.

1993ರ ಏಪ್ರಿಲ್ 26ರಂದು ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯ 491ನೆಯ ಸಂಖ್ಯೆಯ ವಿಮಾನವು ದೆಹಲಿಯಿಂದ ಹೊರಟು ಜಯಪುರ, ಉದಯಪುರಗಳ ಮಾರ್ಗವಾಗಿ ಔರಂಗಾಬಾದಿಗೆ ಬಂದಿತ್ತು. ಮುಂದಿನ ಗುರಿ ಮುಂಬಯಿ. ಬೋಯಿಂಗ್ 737 ಜಾತಿಯ ಆ ವಿಮಾನದಲ್ಲಿ 112 ಮಂದಿ ಪ್ರಯಾಣಿಕರೂ 6 ಮಂದಿ ಸಿಬ್ಬಂದಿಯೂ ಇದ್ದರು. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಅದು ರನ್‌ವೇಯ ಮೇಲೆ ಓಡತೊಡಗಿತು. ಮೂತಿಯನ್ನೆತ್ತಬೇಕಾದ ಕ್ಷಣಕ್ಕೆ ಮೂತಿ ಏಳಲಿಲ್ಲ. ಎದ್ದಾಗ ರನ್‌ವೇ ಹೆಚ್ಚುಕಡಮೆ ಮುಗಿದಿತ್ತು. ಅದರ ತುದಿಯಿಂದ ಸುಮಾರು 410 ಅಡಿ ದೂರದಲ್ಲಿ ಬೀಡ್ ಊರಿನ ಕಡೆಗೆ ಹೋಗುವ ರಸ್ತೆ. ಆ ಹೊತ್ತಿಗೆ ಸರಿಯಾಗಿ ಒತ್ತಿ ಕಟ್ಟಿದ ಹತ್ತಿಯ ಬೇಲುಗಳನ್ನು ಹೇರಿಕೊಂಡ ಲಾರಿಯೊಂದು ಅಲ್ಲಿ ಸಾಗುತ್ತಿತ್ತು. ರಸ್ತೆಯ ಮಟ್ಟದಿಂದ ಸುಮಾರು ಏಳು ಅಡಿ ಎತ್ತರದಲ್ಲಿ ವಿಮಾನದ ಎಡಗಡೆಯ ಚಕ್ರಗಳೂ ಎಡ ಎಂಜಿನ್ನಿನ ತಳಭಾಗವೂ ಲಾರಿಗೆ ಬಡಿದವು. ಗಾಯಗೊಂಡ ವಿಮಾನ ಇನ್ನು ಸುಮಾರು ಮೂರು ಕಿಲೋಮೀಟರ್ ಹಾರಿತು. ಅಲ್ಲಿ ಅಧಿಕ ಒತ್ತಡದ ವಿದ್ಯುತ್ ತಂತಿಗಳಿಗೆ ತಗುಲಿ ನೆಲಕ್ಕೆ ಬಿದ್ದು ಉರಿಯಿತು. 118 ಜನರಲ್ಲಿ 55 ಮಂದಿ ಸತ್ತರು. 63 ಮಂದಿ ಉಳಿದರು. ಇಬ್ಬರು ಪೈಲಟರೂ ಉಳಿದವರಲ್ಲಿ ಸೇರಿದ್ದರು.

ಈ ಕಥೆಯನ್ನು ಕೇಳಿದವರು ಎರಡು ಪಂಗಡವಾಗುವುದು ಸಹಜ. ವಿಮಾನಕ್ಕೆ ಲಾರಿ ಅಡ್ಡ ಬಂದಿತೆಂದು ಕೆಲವರು. ಪೈಲಟ್ ತಡಮಾಡಿದನೆಂದು ಕೆಲವರು. ಇಬ್ಬರ ಮಾತನ್ನೂ ಒಂದು ಗಳಿಗೆ ಬದಿಗಿರಿಸಿ, ಭೌತವಿಜ್ಞಾನವು ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ.

ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಗಳ ಮೇಲೆ ಗಾಳಿಯು ಹುಟ್ಟಿಸುವ ಉತ್ಥಾಪಕ ಬಲ. ಈ ಬಲವು ಗಾಳಿಯ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸುತ್ತದೆ. ಆ ಬಲ ವಿಮಾನದ ತೂಕಕ್ಕೆ ಸಮನಾಗುವವರೆಗೆ ವಿಮಾನವೆಂಬುದು ಮೂರು ಜೊತೆ ಚಕ್ರಗಳ ಮೇಲೆ ಓಡುವ ಒಂದು ಭಾರಿ ಬಂಡಿಯಷ್ಟೆ. ಸಾಂದ್ರತೆ ಕಡಮೆಯಾದರೆ ಅದೇ ಬಲಕ್ಕಾಗಿ ವೇಗವನ್ನು ಹೆಚ್ಚಿಸಬೇಕು. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಒಂದು ಘನಮೀಟರ್ ಗಾಳಿ 1.225 ಕಿಲೋಗ್ರಾಂ ತೂಗುತ್ತದೆ. ಔರಂಗಾಬಾದ್ ವಿಮಾನ ನಿಲ್ದಾಣದ ಎತ್ತರ ಸುಮಾರು 580 ಮೀಟರ್. ಏಪ್ರಿಲ್ ಕೊನೆಯ ಮಧ್ಯಾಹ್ನ 40 ಡಿಗ್ರಿ ಉಷ್ಣತೆ ಆ ಸೀಮೆಯಲ್ಲಿ ಅಸಾಧಾರಣವಲ್ಲ. ಈ ಎರಡನ್ನೂ ಅನಿಲ ನಿಯಮದಲ್ಲಿ ಇಟ್ಟು ಲೆಕ್ಕ ಮಾಡಿದರೆ ಸಾಂದ್ರತೆ ಸುಮಾರು 1.05ಕ್ಕೆ ಇಳಿಯುತ್ತದೆ, ಎಂದರೆ ನೂರಕ್ಕೆ ಹದಿನಾಲ್ಕು ಪಾಲು ಗಾಳಿಯೇ ಇಲ್ಲದಂತೆ. ಆಗ ನೆಲ ಬಿಡುವ ವೇಗ ನೂರಕ್ಕೆ ಎಂಟರಷ್ಟು ಹೆಚ್ಚಬೇಕು. ಎಂಟು ಅಲ್ಪವೆಂದು ತೋರಬಹುದು. ಆದರೆ ಓಡಬೇಕಾದ ದೂರ ವೇಗದ ವರ್ಗಕ್ಕನುಸಾರವಾಗಿ ಹೆಚ್ಚುವುದೆಂಬುದನ್ನೂ, ತೆಳುಗಾಳಿಯನ್ನು ಉಸಿರಾಡುವ ಎಂಜಿನ್ನಿನ ನೂಕುಬಲವೂ ಕುಗ್ಗಿ ವೇಗೋತ್ಕರ್ಷ ಇಳಿಯುವುದೆಂಬುದನ್ನೂ ಮರೆಯಬಾರದು. ಎರಡೂ ಸೇರಿ ಓಟದ ದೂರವನ್ನು ಸ್ಥೂಲವಾಗಿ ಮೂರನೆಯ ಒಂದು ಪಾಲಿನಷ್ಟು ಹಿಗ್ಗಿಸುತ್ತವೆ. ಅಂದಿನ ಔರಂಗಾಬಾದಿನ ರನ್‌ವೇಯಾದರೋ ಸುಮಾರು 6000 ಅಡಿ, ಎಂದರೆ 1830 ಮೀಟರ್ ಮಾತ್ರ.

ಇನ್ನೊಂದು ಲೆಕ್ಕ. ಉದಾಹರಣೆಗಾಗಿ ವಿಮಾನದ ದ್ರವ್ಯರಾಶಿ 45 ಟನ್ನು, ನೆಲ ಬಿಡುವ ವೇಗ ಗಂಟೆಗೆ 250 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಅದರ ಚಲನಶಕ್ತಿ ಹತ್ತು ಕೋಟಿ ಜೂಲ್‌ಗಳನ್ನು ಮೀರುತ್ತದೆ. ಇಷ್ಟು ಶಕ್ತಿಯಿಂದ ಅದೇ ವಿಮಾನವನ್ನು ಸುಮಾರು 245 ಮೀಟರ್ ಎತ್ತರಕ್ಕೆ ಹೊತ್ತು ಹಾಕಬಹುದು. ನಂದಿಯ ಬೆಟ್ಟವನ್ನು ಬುಡದಿಂದ ಅರ್ಧಕ್ಕೆ ತುಸು ಕಡಮೆ ಏರಿಸಿದಂತೆ! ಓಟವನ್ನು ನಿಲ್ಲಿಸಬೇಕಾಗಿ ಬಂದರೆ ಈ ಶಕ್ತಿಯನ್ನೆಲ್ಲ ಬ್ರೇಕುಗಳೂ ಎಂಜಿನ್ನಿನ ಹಿಮ್ಮುಖ ಬಲವೂ ಉಳಿದ ಕೆಲವು ನೂರು ಮೀಟರಿನಲ್ಲಿ ನುಂಗಬೇಕು. ಆದಕಾರಣವೇ ಪ್ರತಿ ಹಾರಾಟಕ್ಕೂ ಮುಂಚೆ ಒಂದು ನಿರ್ಣಾಯಕ ವೇಗವನ್ನು ಲೆಕ್ಕ ಮಾಡಿ ಗೊತ್ತುಪಡಿಸಿರುತ್ತಾರೆ. ಅದಕ್ಕೆ ಮುಂಚೆ ತೊಂದರೆ ಕಂಡರೆ ನಿಲ್ಲಿಸಬಹುದು; ಅದನ್ನು ದಾಟಿದ ಮೇಲೆ ಒಂದು ಎಂಜಿನ್ ಕೆಟ್ಟರೂ ಏರಲೇಬೇಕು. ಆ ಬಳಿಕ ಬರುವುದು ಮೂತಿಯನ್ನೆತ್ತುವ ವೇಗ. ಔರಂಗಾಬಾದಿನಲ್ಲಿ ತಡವಾದುದು ಇಲ್ಲಿ.

ಎಷ್ಟು ತಡ? ಗಂಟೆಗೆ 250 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 70 ಮೀಟರ್. ರನ್‌ವೇಯ ತುದಿಯಿಂದ ರಸ್ತೆಗೆ ಇದ್ದ ದೂರ 125 ಮೀಟರ್. ಎರಡು ಸೆಕೆಂಡೂ ತುಂಬದ ದಾರಿ. ವಿಮಾನವು ಪ್ರತಿ ನೂರು ಮೀಟರಿಗೆ ಎಂಟು ಮೀಟರ್ ಏರುತ್ತದೆಂದು ಭಾವಿಸಿದರೆ, ಒಂದೇ ಒಂದು ಸೆಕೆಂಡು ಮೊದಲು ನೆಲ ಬಿಟ್ಟಿದ್ದ ಪಕ್ಷದಲ್ಲಿ ಅದು ರಸ್ತೆಯ ಬಳಿ ಐದೂವರೆ ಮೀಟರ್ ಹೆಚ್ಚು ಎತ್ತರದಲ್ಲಿರುತ್ತಿತ್ತು. ಲಾರಿಯ ನೆತ್ತಿಯನ್ನು ದಾಟಲು ಅಷ್ಟೇ ಸಾಕಾಗಿತ್ತು. ಹಾಗೆಯೇ ಲಾರಿಯ ಚಾಲಕನು ಹಿಂದಿನ ಊರಿನಲ್ಲಿ ಒಂದು ಲೋಟ ಚಹಾ ಕುಡಿದು ಹೊರಟಿದ್ದರೂ ಸಾಕಾಗಿತ್ತು. ಐವತ್ತೈದು ಜೀವಗಳು ಇಂಥ ಆಕಸ್ಮಿಕಗಳ ಮೇಲೆ ನಿಂತಿದ್ದವೆಂಬುದೇ ಈ ದುರಂತದಲ್ಲಿ ನಮ್ಮನ್ನು ಬೆಚ್ಚಿಸಬೇಕಾದ ಅಂಶ. ಒಂದು ಎಂಜಿನ್ ನಿಂತುಹೋದರೂ, ಏರಿಕೆಗೆ ಗೊತ್ತುಪಡಿಸಿದ ದೂರದ ಕೊನೆಯಲ್ಲಿ ಜೆಟ್ ಪ್ರಯಾಣಿಕ ವಿಮಾನವು 35 ಅಡಿ ಎತ್ತರದಲ್ಲಿರಬೇಕೆಂಬುದು ವಿಮಾನ ವಿನ್ಯಾಸದ ನಿಯಮ. ಇಲ್ಲಿ ಎರಡು ಎಂಜಿನ್ನುಗಳೂ ಕೆಲಸ ಮಾಡುತ್ತಿದ್ದ ವಿಮಾನ, ರನ್‌ವೇಯನ್ನು ದಾಟಿಯೂ ಏಳೇ ಅಡಿ ಎತ್ತರದಲ್ಲಿತ್ತು!

ಅಪಘಾತದ ವಿಚಾರಣೆ ಎರಡು ಕಾರಣಗಳನ್ನು ಹೇಳಿತು. ಪೈಲಟರು ಮೂತಿಯನ್ನೆತ್ತಲು ತಡವಾಗಿ ತೊಡಗಿದುದು ಮತ್ತು ಎತ್ತಿದ ಕ್ರಮವೂ ಸರಿಯಾಗಿಲ್ಲದೆ ಹೋದುದು, ಇದು ಮೊದಲನೆಯದು. ವಿಮಾನಗಳು ಬಂದುಹೋಗುವ ವೇಳೆಯಲ್ಲಿ ಬೀಡ್ ರಸ್ತೆಯ ವಾಹನ ಸಂಚಾರವನ್ನು ವಿಮಾನ ನಿಲ್ದಾಣಗಳ ಪ್ರಾಧಿಕಾರವು ನಿಯಂತ್ರಿಸದೆ ಹೋದುದು ಎರಡನೆಯದು. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಓದಬೇಕೆಂದು ನಾವು ವಿದ್ಯಾರ್ಥಿಗಳಲ್ಲಿ ಒತ್ತಿ ಹೇಳುತ್ತೇವೆ. ಮೊದಲನೆಯದನ್ನು ಮಾತ್ರ ಓದಿದವರು ಇಬ್ಬರು ಮನುಷ್ಯರನ್ನು ಶಿಕ್ಷಿಸಿ ಮನೆಗೆ ಹೋಗುತ್ತಾರೆ. ಎರಡನೆಯದನ್ನೂ ಓದಿದವರಿಗೆ ಮಾತ್ರ, ಮರುದಿನವೂ ಆ ರಸ್ತೆ ಅಲ್ಲಿಯೇ ಇತ್ತೆಂಬುದು ನೆನಪಾಗುತ್ತದೆ.

ಯಲಹಂಕದಿಂದ ಚಿಕ್ಕಬಳ್ಳಾಪುರದ ಮೂಲಕ ಬಂಗಾರಪೇಟೆಗೆ ಹೋಗುವ ರೈಲುದಾರಿಯನ್ನು ನಮ್ಮವರೆಲ್ಲ ಬಲ್ಲರು. ರೈಲುದಾರಿ ರಸ್ತೆಯನ್ನು ಅಡ್ಡಹಾಯುವ ಕಡೆ ಗೇಟು ಇರುತ್ತದೆ. ಗೇಟು ಬಿದ್ದಾಗ ಎತ್ತಿನ ಗಾಡಿಯವನೂ ಮೋಟಾರಿನ ಯಜಮಾನನೂ ಒಂದೇ ಸಾಲಿನಲ್ಲಿ ಕಾಯುತ್ತಾರೆ. ರೈಲಿನ ಚಾಲಕ ಎಚ್ಚರವಾಗಿದ್ದರೆ ಸಾಕು, ಗೇಟು ಏಕೆ ಎಂದು ಯಾರೂ ವಾದಿಸುವುದಿಲ್ಲ. ಚಾಲಕನೂ ಮನುಷ್ಯ, ಒಮ್ಮೆ ತಪ್ಪಬಲ್ಲನು. ತಪ್ಪಿದಾಗ ಅದು ಕೊಲೆಯಾಗದಿರಲೆಂದೇ ಗೇಟು. ರೈಲಿಗೆ ನಾವು ಕಲಿತ ಈ ಸರಳ ಪಾಠವನ್ನು, ಮೂರುಪಟ್ಟು ವೇಗದ ವಿಮಾನಕ್ಕೆ ಔರಂಗಾಬಾದಿನಲ್ಲಿ ಅನ್ವಯಿಸಲಿಲ್ಲ. ಸುರಕ್ಷತೆಯೆಂದರೆ ತಪ್ಪೇ ಮಾಡದ ಮನುಷ್ಯರನ್ನು ಹುಡುಕುವುದಲ್ಲ. ತಪ್ಪಿಗೂ ಸಾವಿಗೂ ನಡುವೆ ಸಾಕಷ್ಟು ಅಂತರವನ್ನು ಉಳಿಸಿಡುವುದು.

ಇದಕ್ಕೆ ಒಂದು ಆಕ್ಷೇಪಣೆ ಉಂಟು. ಹೊಣೆಯನ್ನು ಹೀಗೆ ಹತ್ತು ಜನರಿಗೆ ಹಂಚಿದರೆ ಯಾರೂ ಹೊಣೆಗಾರರಾಗುವುದಿಲ್ಲ. ಎಲ್ಲರ ತಪ್ಪು ಯಾರ ತಪ್ಪೂ ಅಲ್ಲ ಎಂದಾಗುತ್ತದೆ. ಕೊನೆಗೆ ಯಂತ್ರ ಇದ್ದುದು ಪೈಲಟನ ಕೈಯಲ್ಲೇ ಅಲ್ಲವೆ ಎಂದು ಬಲ್ಲವರೂ ಹೇಳುವುದನ್ನು ಕೇಳಿದ್ದೇವೆ. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಕರ್ತವ್ಯದಲ್ಲಿ ಉದಾಸೀನನಾದವನನ್ನು ಬಿಟ್ಟುಬಿಡಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಶಿಕ್ಷೆ ನ್ಯಾಯಾಲಯದ ಕೆಲಸ, ಕಾರಣ ವಿಜ್ಞಾನದ ಕೆಲಸ. ಎರಡನ್ನೂ ಬೆರಸಿದರೆ ಎರಡೂ ಕೆಡುತ್ತವೆ. ಅಪಘಾತದ ತನಿಖೆಯ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ದೋಷಾರೋಪಣೆಯಲ್ಲವೆಂದು ಅಂತರರಾಷ್ಟ್ರೀಯ ವಿಮಾನಯಾನದ ಒಪ್ಪಂದವೂ ಸ್ಪಷ್ಟವಾಗಿ ಸಾರುತ್ತದೆ. 'ಪೈಲಟನ ತಪ್ಪು' ಎಂಬುದು ಉತ್ತರವಲ್ಲ. ಆ ತಪ್ಪು ಏಕೆ ಸಾಧ್ಯವಾಯಿತು, ಅದನ್ನು ಅರಗಿಸಿಕೊಳ್ಳುವ ಅಂತರ ಏಕೆ ಇರಲಿಲ್ಲ ಎಂಬ ಪ್ರಶ್ನೆಗಳ ಆರಂಭ.

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನವು ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಲಯದ ಕಟ್ಟಡಗಳ ಮೇಲೆ ಬಿದ್ದಿತು. ವಿಮಾನದಲ್ಲಿದ್ದ 242 ಜನರಲ್ಲಿ ಒಬ್ಬರು ಮಾತ್ರ ಬದುಕಿದರು; ನೆಲದ ಮೇಲಿದ್ದ 19 ಮಂದಿಯೂ ಸತ್ತರು. ಎರಡೂ ಎಂಜಿನ್ನುಗಳ ಇಂಧನದ ಸ್ವಿಚ್ಚುಗಳು ಒಂದರ ಬೆನ್ನಿಗೆ ಒಂದು ಬಂದಾದ ಸ್ಥಿತಿಗೆ ಸರಿದುದನ್ನು ಜುಲೈ ತಿಂಗಳ ಪ್ರಾಥಮಿಕ ವರದಿ ತಿಳಿಸಿತು. ಅವು ಏಕೆ ಸರಿದುವೆಂಬುದನ್ನು ಅದು ತೀರ್ಮಾನಿಸಲಿಲ್ಲ. ಆದರೆ ಊರೂರಿನ ಕಟ್ಟೆಗಳ ಮೇಲೆ ತೀರ್ಪು ಅದಾಗಲೇ ಹೊರಬಿದ್ದಿತ್ತು. ಪ್ರಯೋಗಶಾಲೆಯಲ್ಲಿ ವಾಚನ ಮುಗಿಯುವ ಮುನ್ನವೇ ಫಲಿತಾಂಶವನ್ನು ಬರೆಯುವ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ. ಸತ್ತವರ ವಿಷಯದಲ್ಲಿ ಮಾತ್ರ ಆ ಶಿಸ್ತು ಬೇಡವೆ? ಏರುವ ವಿಮಾನದ ದಾರಿಯ ಕೆಳಗೆ ಊಟದ ವೇಳೆಯಲ್ಲಿ ವಿದ್ಯಾರ್ಥಿಗಳು ಕುಳಿತಿದ್ದರೆಂಬುದು ಅಪಘಾತದ ಕಾರಣವಲ್ಲದಿರಬಹುದು. ಆದರೆ ಸಾವಿನ ಲೆಕ್ಕದಲ್ಲಿ ಅದಕ್ಕೂ ಸ್ಥಾನವಿದೆ.

ನಮ್ಮ ನಾಡೂ ಈ ಪಾಠಕ್ಕೆ ಹೊರತಲ್ಲ. ಮಂಗಳೂರಿನ ಬಜ್ಪೆಯಲ್ಲಿ 2010ರ ಮೇ 22ರಂದು 158 ಜನರನ್ನು ಬಲಿ ತೆಗೆದುಕೊಂಡ ದುರಂತವು ಏರುವಾಗಲ್ಲ, ಇಳಿಯುವಾಗ ನಡೆದದ್ದು. ಆದರೂ ಅಲ್ಲಿ ರನ್‌ವೇಯ ಆಚೆಗಿದ್ದ ಅಲ್ಪ ನೆಲವೂ, ಅದರ ತುದಿಯ ಕಾಂಕ್ರೀಟ್ ಕಟ್ಟಡವೂ, ಬಳಿಕದ ಕಮರಿಯೂ ಪೈಲಟನ ತಪ್ಪಿನ ಬೆಲೆಯನ್ನು ಹೆಚ್ಚಿಸಿದವು. ದೇವನಹಳ್ಳಿಯಲ್ಲೇ 2022ರ ಜನವರಿ 7ರ ಬೆಳಗ್ಗೆ ನಡೆದ ಘಟನೆ ಇನ್ನೂ ಹತ್ತಿರದ್ದು. ಒಂದು ರನ್‌ವೇಯನ್ನು ಮುಚ್ಚುವ ನಿರ್ಧಾರವಾಗಿತ್ತು. ಆ ಸುದ್ದಿ ಇನ್ನೊಂದು ಗೋಪುರದ ನಿಯಂತ್ರಕರಿಗೆ ಮುಟ್ಟಲಿಲ್ಲ. ಪರಿಣಾಮವಾಗಿ ಸಮಾನಾಂತರವಾದ ಎರಡು ರನ್‌ವೇಗಳಿಂದ ಎರಡು ವಿಮಾನಗಳು, ಒಂದು ಕಲ್ಕತ್ತೆಗೆ ಇನ್ನೊಂದು ಭುವನೇಶ್ವರಕ್ಕೆ, ಹೆಚ್ಚುಕಡಮೆ ಒಂದೇ ವೇಳೆಗೆ ಏರಿ ಆಕಾಶದಲ್ಲಿ ಒಂದರ ಕಡೆಗೆ ಒಂದು ವಾಲಿದವು. ರಾಡಾರ್ ಮುಂದೆ ಕುಳಿತಿದ್ದ ನಿಯಂತ್ರಕರೊಬ್ಬರು ಅದನ್ನು ಕಂಡು ಎರಡಕ್ಕೂ ಬೇರೆ ಬೇರೆ ದಿಕ್ಕು ಹೇಳಿದುದರಿಂದ ನಾನೂರಕ್ಕೂ ಮಿಕ್ಕಿದ ಜನ ಉಳಿದರು. ಇಲ್ಲಿಯೂ ತಪ್ಪಾಯಿತು, ಆದರೆ ತಪ್ಪಿಗೂ ಸಾವಿಗೂ ನಡುವೆ ಇನ್ನೊಬ್ಬ ಎಚ್ಚರದ ಮನುಷ್ಯ, ಇನ್ನೊಂದು ಯಂತ್ರ ಇತ್ತು. ಔರಂಗಾಬಾದಿಗೂ ದೇವನಹಳ್ಳಿಗೂ ಇರುವ ವ್ಯತ್ಯಾಸ ಇದೇ.

ದೇವನಹಳ್ಳಿಯ ಎರಡು ರನ್‌ವೇಗಳೂ ತಲಾ 4000 ಮೀಟರ್ ಉದ್ದದವು. ಅಂದಿನ ಔರಂಗಾಬಾದಿನ ರನ್‌ವೇಗಿಂತ ಎರಡು ಪಟ್ಟಿಗೂ ಹೆಚ್ಚು. ಇದನ್ನು ನೋಡಿ ನಿಶ್ಚಿಂತರಾಗುವುದು ಸುಲಭ. ಆದರೆ ಆ ನೆಲ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. 35 ಡಿಗ್ರಿಯ ಮಧ್ಯಾಹ್ನ ಅಲ್ಲಿಯ ಗಾಳಿ ಸಮುದ್ರಮಟ್ಟದ ಮಾದರಿ ಗಾಳಿಗಿಂತ ನೂರಕ್ಕೆ ಹದಿನಾರರಷ್ಟು ತೆಳು; ಅಂದಿನ ಔರಂಗಾಬಾದಿಗೆ ನಾವು ಹಾಕಿದ ಲೆಕ್ಕಕ್ಕಿಂತಲೂ ತೆಳು. ರನ್‌ವೇಯ ಉದ್ದ ಎಂಜಿನಿಯರುಗಳು ಕೊಟ್ಟ ಅಂತರ. ಅದರ ಆಚೆಗಿನ ಅಂತರವನ್ನು ಕಾಯಬೇಕಾದವರು ಸುತ್ತಲಿನ ಹಳ್ಳಿ ಪಟ್ಟಣಗಳ ಜನರಾದ ನಾವು.

ಅದು ಹೇಗೆಂದರೆ, ಮೊದಲನೆಯದು ಕಟ್ಟಡಗಳ ಎತ್ತರ. ವಿಮಾನ ನಿಲ್ದಾಣದ ಸುತ್ತ ಎತ್ತರದ ಕಟ್ಟಡಕ್ಕೂ ಗೋಪುರಕ್ಕೂ ಅನುಮತಿ ಬೇಕೆಂಬ ಕಟ್ಟಳೆಯನ್ನು ನಿವೇಶನದ ವ್ಯಾಪಾರಿಗಳು ಸರ್ಕಾರದ ಕಿರುಕುಳವೆಂದು ಬಣ್ಣಿಸುವುದುಂಟು. ಒಂದು ಎಂಜಿನ್ನಿನ ಮೇಲೆ ಏರುವ ವಿಮಾನಕ್ಕೆ ಐದು ಮೀಟರ್ ಎಂದರೇನೆಂಬುದನ್ನು ಮೇಲಿನ ಲೆಕ್ಕ ತೋರಿಸಿದೆ. ಎರಡನೆಯದು ಕಸ. ವಿಮಾನ ನಿಲ್ದಾಣದಿಂದ 10 ಕಿಲೋಮೀಟರ್ ವೃತ್ತದೊಳಗೆ ಪ್ರಾಣಿವಧೆಯ ಕಶ್ಮಲವನ್ನಾಗಲಿ ಕಸವನ್ನಾಗಲಿ ಹಕ್ಕಿಗಳನ್ನು ಸೆಳೆಯುವಂತೆ ಎಸೆಯಕೂಡದೆಂದು 1937ರ ವಿಮಾನ ನಿಯಮಗಳೇ ವಿಧಿಸಿದ್ದವು. ಕಸದ ಗುಡ್ಡೆಯ ಮೇಲೆ ಸುತ್ತುವ ಹದ್ದು ವಿಮಾನಕ್ಕೆ ಏನು ಮಾಡೀತು? ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ಬರುವ ವಿಮಾನಕ್ಕೆ ಗಾಳಿಯಲ್ಲಿ ತೇಲುವ ಹಕ್ಕಿ ಬಡಿಯುವುದೂ, ಅಷ್ಟೇ ತೂಕದ ಕಲ್ಲು 250 ಮೀಟರ್ ಎತ್ತರದಿಂದ ಬಂದು ಬೀಳುವುದೂ ಶಕ್ತಿಯ ಲೆಕ್ಕದಲ್ಲಿ ಒಂದೇ. ಇಡೀ ವಿಮಾನಕ್ಕೆ ಹಾಕಿದ ಲೆಕ್ಕದಲ್ಲಿಯೂ ಹೆಚ್ಚುಕಡಮೆ ಇದೇ ಎತ್ತರ ಬಂದಿತ್ತೆಂಬುದನ್ನೂ, ಏಕೆ ಬಂದಿತೆಂಬುದನ್ನೂ ವಿದ್ಯಾರ್ಥಿಗಳು ತಾವೇ ಯೋಚಿಸಲಿ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಏರುತ್ತಿದ್ದ ವಿಮಾನವೊಂದರ ಎರಡೂ ಎಂಜಿನ್ನುಗಳನ್ನು ಕಾಡುಬಾತುಗಳ ಹಿಂಡು ಕೆಡಿಸಿತು. ಅದು ಹಡ್ಸನ್ ನದಿಯ ಮೇಲೆ ಇಳಿದು 155 ಜನರೂ ಉಳಿದರು. ಎಲ್ಲ ಊರಿನ ಪಕ್ಕದಲ್ಲೂ ಅಂಥ ನದಿ ಇರುವುದಿಲ್ಲ. ನಮ್ಮಲ್ಲಂತೂ ಇಲ್ಲ.

ಇಷ್ಟೆಲ್ಲ ಹೇಳಿದುದು ವಿಮಾನವೆಂದರೆ ಭಯಪಡಬೇಕೆಂದಲ್ಲ. ದಿನವೊಂದಕ್ಕೆ ನೂರಾರು ವಿಮಾನಗಳು ನಮ್ಮ ನೆರೆಯಿಂದ ಕ್ಷೇಮವಾಗಿ ಏರಿ ಹೋಗುತ್ತಿರುವುದು ಅದೃಷ್ಟದಿಂದಲ್ಲ. ಹಿಂದೆ ನಡೆದ ಪ್ರತಿಯೊಂದು ಅಪಘಾತವನ್ನೂ ಯಾರೋ ತಾಳ್ಮೆಯಿಂದ ಬಿಡಿಸಿ ನೋಡಿ, ಅಂತರ ಎಲ್ಲಿ ಸಾಲದಾಯಿತೆಂದು ಬರೆದಿಟ್ಟುದರಿಂದ. ಈ ಲೇಖನವನ್ನು ಓದುವವರಲ್ಲಿ ಮುಂದೆ ಕೆಲವರು ಎಂಜಿನಿಯರಾಗುವರು, ಕೆಲವರು ರಾಡಾರಿನ ಮುಂದೆ ಕೂರುವರು. ಹೆಚ್ಚಿನವರು ಪಂಚಾಯತಿಯಲ್ಲೋ ಪುರಸಭೆಯಲ್ಲೋ ನಿವೇಶನ, ಕಸ, ರಸ್ತೆಗಳ ಬಗ್ಗೆ ಕೈಯೆತ್ತುವರು. ಕೊನೆಯವರ ಕೈಯಲ್ಲಿಯೂ ವಿಮಾನದ ಸುರಕ್ಷತೆಯ ಒಂದು ಪಾಲು ಇದೆ. ಮುಂದಿನ ದುರಂತದ ಸುದ್ದಿ ಬಂದಾಗ, ಅದು ಬಾರದಿರಲಿ ಎಂಬುದೇ ನಮ್ಮ ಹಾರೈಕೆ, ತಪ್ಪು ಯಾರದೆಂದು ಕೇಳಿ ಸುಮ್ಮನಾಗದಿರಿ. ತಪ್ಪಿಗೂ ಸಾವಿಗೂ ನಡುವೆ ಏನಿರಬೇಕಾಗಿತ್ತು, ಅದು ಏಕೆ ಇರಲಿಲ್ಲ ಎಂದು ಕೇಳಿರಿ. ಔರಂಗಾಬಾದಿನಲ್ಲಿ ಆ ಪ್ರಶ್ನೆಯನ್ನು ಅಪಘಾತಕ್ಕೆ ಮುಂಚೆಯೇ ಯಾರಾದರೂ ಗಟ್ಟಿಯಾಗಿ ಕೇಳಿದ್ದರೆ, ರಸ್ತೆಗೆ ಒಂದು ಗೇಟು ಬಿದ್ದಿರುತ್ತಿತ್ತು. ಹತ್ತಿಯ ಲಾರಿ ಎರಡು ನಿಮಿಷ ಕಾದು ಮುಂದೆ ಹೋಗುತ್ತಿತ್ತು.